ಇಮಾಮಹುಸೇನನ ಪ್ರಗತಿ ಶೇಕಡಾ ಎಂಟುನೂರು

೧೯೮೫ನೇ ಇಸವಿಯ ಜೂನ್ ತಿಂಗಳ ಮೂರನೇ ತಾರೀಖಿನಿಂದ ಎರಿಗೊಪ್ಪ ಗ್ರಾಮದಲ್ಲಿ ಹಾಕಿ ಪ್ರತಿಭೆ ಇದೆ ಎಂದು ಸರಕಾರ ತೀರ್ಮಾನಿಸಿತು. ಅದಕ್ಕೂ ಮೊದಲು ಅಲ್ಲಿ ಜೋಳ, ಹತ್ತಿ, ಕಡಲೆ ಮಾತ್ರ ಇದ್ದವು. ಪ್ರತಿಭೆ ಇದ್ದ ಸಂಗತಿ ಊರವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಯಾರಾದರೂ ಇದ್ದರೆ ಅವರು ಅದನ್ನು ಹೊಲದ ಉತಾರದಲ್ಲಿ ದಾಖಲು ಮಾಡಿಸಿರಲಿಲ್ಲ.

ತೀರ್ಮಾನದ ಪ್ರತಿಯು ನವಲಗುಂದದ ಗ್ರಾಮೀಣ ಹಾಕಿ ಪ್ರತಿಭಾ ಸಂವರ್ಧನ ಕಚೇರಿಯಿಂದ ಕೆಂಪು ಬಸ್ಸಿನಲ್ಲಿ ಊರ ಹೈಸ್ಕೂಲಿಗೆ ಬಂತು. ಹೆಡ್‌ಮಾಸ್ತರರು ಅದನ್ನು ಓದದೆ ಡ್ರಿಲ್ ಮಾಸ್ತರ ಮಡಿವಾಳೆಪ್ಪನ ಕಡೆ ಸರಿಸಿದರು. ಚೆಂಡು, ಸೀಟಿ, ಧ್ವಜ ಇವುಗಳಲ್ಲಿ ಯಾವ ಶಬ್ದವಿದ್ದರೂ ಆ ಕಾಗದ ಅವನದು ಎಂಬುದು ಆ ಶಾಲೆಯ ಪದ್ಧತಿ. ಮಡಿವಾಳೆಪ್ಪನ ಹಾಕಿ ಜ್ಞಾನದ ಬಗ್ಗೆ ಊರಲ್ಲಿ ಯಾರಿಗೂ ಸಂಶಯವಿರಲಿಲ್ಲ, ಅವನೊಬ್ಬನನ್ನು ಬಿಟ್ಟು. ಟ್ರೇನಿಂಗ್ ಕಾಲೇಜಿನಲ್ಲಿದ್ದಾಗ ಮೈ ದಪ್ಪಗಿದೆ, ಜಾಗ ಮುಚ್ಚುತ್ತದೆ ಎಂಬ ಕಾರಣಕ್ಕೆ ಅವನನ್ನು ಒಂದು ತಿಂಗಳು ಗೋಲಿನ ಮುಂದೆ ನಿಲ್ಲಿಸಿದ್ದರು. ಚೆಂಡು ಬಹಳ ಗಟ್ಟಿ ಇರುತ್ತದೆ, ಕೋಲಿನ ಚಪ್ಪಟೆ ಬದಿಯಿಂದಲೇ ಹೊಡೆಯಬೇಕು ಎಂಬ ಎರಡು ವಿಷಯ ಅವನು ಅಲ್ಲಿ ಕಲಿತ. ಆ ಎರಡನ್ನೇ ಹನ್ನೊಂದು ವರ್ಷದಿಂದ ಕಲಿಸುತ್ತ ಬಂದಿದ್ದೇನೆ, ಸಂಬಳ ಮಾತ್ರ ಪೂರ್ತಿ ತಗೊಂಡಿದ್ದೇನೆ ಎಂದು ಹೆಂಡತಿ ರೇವವ್ವನ ಮುಂದೆ ತಾನೇ ನಗೆಯಾಡುತ್ತಿದ್ದ.

ಶಾಲೆಯಲ್ಲಿ ಏಳು ಹಾಕಿ ಕೋಲುಗಳಿದ್ದವು. ಹನ್ನೊಂದಕ್ಕೆ ಕಡಿಮೆ ಬಿದ್ದ ನಾಲ್ಕನ್ನು ಬಡಿಗೇರ ಜಾಲಿ ಕಟ್ಟಿಗೆಯಲ್ಲಿ ಕೆತ್ತಿ ಕೊಟ್ಟಿದ್ದ. ಮೈದಾನವೆಂದರೆ ಶಾಲೆಯ ಹಿಂದಿನ ಕಪ್ಪು ಮಣ್ಣಿನ ಎರಿ ಹೊಲ. ಮಳೆಗಾಲದಲ್ಲಿ ಚೆಂಡು ಬಿದ್ದಲ್ಲೇ ಅಂಟಿಕೊಳ್ಳುತ್ತಿತ್ತು, ಬೇಸಿಗೆಯಲ್ಲಿ ಬಿರುಕಿನೊಳಗೆ ಇಳಿದುಹೋಗುತ್ತಿತ್ತು. ಹೀಗೆ ಇಳಿದ ಚೆಂಡೊಂದು ಬಾಜು ಹೊಲದವನ ಕುಂಟೆಗೆ ಮುಂದಿನ ವರ್ಷ ಸಿಕ್ಕಿದ್ದೂ ಉಂಟು.

ಇಂಥಲ್ಲಿ ಇಮಾಮಹುಸೇನ ಎಂಬ ಎಂಟನೇ ಇಯತ್ತೆಯ ಹುಡುಗ ನಿಜವಾಗಿ ಆಡುತ್ತಿದ್ದ. ಯಾರೂ ಕಲಿಸಿದ್ದಲ್ಲ, ಮಡಿವಾಳೆಪ್ಪ ಅಂತೂ ಕಲಿಸಿರಲಿಲ್ಲ. ಕೈಯಲ್ಲಿ ಕೋಲು ಬಂದರೆ ಸಾಕು, ಚೆಂಡು ಸಾಕಿದ ಬೆಕ್ಕಿನ ಹಾಗೆ ಅವನ ಕಾಲಸುತ್ತ ಬರುತ್ತಿತ್ತು. ಅವನ ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವ್ವ ಹಸನಬಿ ಮನೆಯಲ್ಲೇ ಮಗ್ಗ ಇಟ್ಟುಕೊಂಡು ಜಮಖಾನ ನೇಯುತ್ತಿದ್ದಳು. ಹತ್ತನೇ ಇಯತ್ತೆ ಮುಗಿದ ಮೇಲೆ ಹುಡುಗ ಅಣ್ಣಿಗೇರಿಯ ಹತ್ತಿ ಮಿಲ್ಲಿಗೆ ಹೋಗುವುದೆಂದು ಮನೆಯಲ್ಲಿ ಮಾತಾಗಿತ್ತು. ಆದರೆ ಸುತ್ತೋಲೆಯ ಎರಡನೇ ಪುಟದಲ್ಲಿ, ಪ್ರತಿ ಗ್ರಾಮದಿಂದ ವರ್ಷಕ್ಕೆ ಒಬ್ಬ ಪ್ರತಿಭಾವಂತನನ್ನು ಆರಿಸಿ, ದೂರದ ಊರಿನ ಹಾಕಿ ವಸತಿ ಶಾಲೆಯಲ್ಲಿ ಊಟ, ಬಟ್ಟೆ, ಓದು ಕೊಟ್ಟು ಆಡಿಸಲಾಗುವುದು ಎಂದಿತ್ತು. ಹದಿನಾರು ದಾಟಿದವರಿಗೆ ಪ್ರವೇಶವಿಲ್ಲ. ಮಡಿವಾಳೆಪ್ಪ ಅದನ್ನು ಮೂರು ಸಲ ಓದಿದ. ಹನ್ನೊಂದು ವರ್ಷದ ಸಂಬಳಕ್ಕೆ ಒಂದಾದರೂ ಕೆಲಸ ಮಾಡಿ ಸಾಯಬೇಕು ಎಂದು ಅವನಿಗೆ ಆ ಹೊತ್ತು ಅನಿಸಿತು.

ಸುತ್ತೋಲೆಯ ನಿಯಮಗಳು ಹೀಗಿದ್ದವು. ನಿಯಮ ನಾಲ್ಕು: ಮೌಲ್ಯಮಾಪನ ಸಮಿತಿಯಲ್ಲಿ ಮೂವರಿರತಕ್ಕದ್ದು, ಕ್ರೀಡಾ ಶಿಕ್ಷಕರು, ಜನಪ್ರತಿನಿಧಿಗಳು, ಮತ್ತು ಎಳೆಯ ದೇಹಗಳ ಬಲ, ಲಕ್ಷಣ ಹಾಗೂ ಮುಂದಿನ ಬೆಳವಣಿಗೆಯನ್ನು ನೋಟಮಾತ್ರದಿಂದ ನಿರ್ಧರಿಸುವಲ್ಲಿ ದೀರ್ಘ ಅನುಭವವುಳ್ಳ ಒಬ್ಬರು. ನಿಯಮ ಏಳು: ಸದಸ್ಯರು ನೀಡುವ ಅಂಕಗಳು ಪರಸ್ಪರರಿಗೆ ಯಾವ ಕಾರಣಕ್ಕೂ ತಿಳಿಯಕೂಡದು. ನಿಯಮ ಒಂಬತ್ತು: ಜೂನ್‌ನಲ್ಲಿ ಒಮ್ಮೆ, ಜನೇವರಿಯಲ್ಲಿ ಒಮ್ಮೆ ಮೌಲ್ಯಮಾಪನ ನಡೆಸಿ, ಎರಡರ ಫಲಿತಾಂಶವನ್ನು ಕಚೇರಿಗೆ ಕಳಿಸತಕ್ಕದ್ದು.

ಜನಪ್ರತಿನಿಧಿ ಎಂದರೆ ಪಂಚಾಯತಿ ಚೇರಮನ್ ಕುಬೇರಪ್ಪನವರು, ಹತ್ತಿ ವ್ಯಾಪಾರಿಗಳು. ಅದರಲ್ಲಿ ತೊಡಕಿರಲಿಲ್ಲ. ಮೂರನೆಯವರ ಸಲುವಾಗಿ ಊರು ಎರಡು ದಿನ ವಿಚಾರ ಮಾಡಿತು. ಎಳೆಯ ದೇಹಗಳನ್ನು ನೋಡಿದ ಕೂಡಲೇ ಮುಂದಿನ ಬೆಳವಣಿಗೆ ಹೇಳುವ ಮನುಷ್ಯ ಸುತ್ತ ಹತ್ತು ಹಳ್ಳಿಯಲ್ಲಿ ಒಬ್ಬನೇ ಇದ್ದ, ದನದ ಸಂತೆಯ ದಲಾಲಿ ಗಂಗಪ್ಪ. ನಲವತ್ತು ವರ್ಷದಲ್ಲಿ ಅವನು ಕೈಯಿಟ್ಟು ಚೊಲೊ ಎಂದ ಹೋರಿ ಕೆಟ್ಟದ್ದಾದ ಉದಾಹರಣೆ ಇರಲಿಲ್ಲ. ನೇಮಕಾತಿ ಅವಿರೋಧವಾಗಿ ಆಯಿತು.

ಮೊದಲ ಮೌಲ್ಯಮಾಪನದ ದಿನ ಹನ್ನೊಂದು ಹುಡುಗರೂ ಸಾಲಾಗಿ ನಿಂತರು. ಗಂಗಪ್ಪ ಒಬ್ಬೊಬ್ಬರ ಬಾಯಿ ತೆರೆಸಿ ಹಲ್ಲು ಎಣಿಸಿದ, ಮೊಣಕಾಲ ಚಿಪ್ಪು ತಟ್ಟಿದ, ಬೆನ್ನ ಮೇಲೆ ಅಂಗೈ ಒತ್ತಿ ನೋಡಿದ, ನಾಲ್ಕು ಹೆಜ್ಜೆ ನಡೆಸಿದ. ಆಮೇಲೆ ತಲೆ ಬಗ್ಗಿಸಿ ಸುಳಿ ಹುಡುಕಿದ. ಚೇರಮನ್ನರ ತಮ್ಮನ ಮಗ ಹೊಳೆಪ್ಪನಿಗೆ ನೆತ್ತಿಯಲ್ಲಿ ಎರಡು ಸುಳಿ ಇದ್ದವು. ಹೋರಿಯಾಗಿದ್ದರೆ ಬೇಡ ಅನ್ನುತ್ತಿದ್ದೆ, ಮನುಷ್ಯನಾದ್ದರಿಂದ ನಡೆಯುತ್ತದೆ ಎಂದು ಗಂಗಪ್ಪ ಹೇಳಿದ. ನಮೂನೆಯ ‘ದೈಹಿಕ ವಿಶೇಷತೆ’ ಎಂಬ ಅಂಕಣದಲ್ಲಿ ಮಡಿವಾಳೆಪ್ಪ ‘ಸುಳಿ ಎರಡು’ ಎಂದು ಬರೆದುಕೊಂಡ. ನಂತರ ಎಲ್ಲರೂ ಐದೈದು ಚೆಂಡು ಹೊಡೆದರು. ಹೊಳೆಪ್ಪನ ಕೋಲು ಒಂದು ಚೆಂಡಿಗೂ ತಾಗಲಿಲ್ಲ, ಒಮ್ಮೆ ಮಾತ್ರ ಅವನ ಕಾಲಿಗೇ ತಾಗಿತು. ಇಮಾಮಹುಸೇನನ ಐದೂ ಗೋಲಿನೊಳಗೆ ಹೋದವು.

ಅಂಕ ಗುಪ್ತವಾಗಿ ಕೊಡುವ ಪ್ರಶ್ನೆ ಬಂದಾಗ ಗಂಗಪ್ಪ ಹೆಗಲ ಮೇಲಿನ ಟವಲ್ಲು ತೆಗೆದ. ದನದ ಸಂತೆಯಲ್ಲಿ ದರ ಬಾಯಿಂದ ಹೇಳುವುದಿಲ್ಲ. ಟವಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ಹೇಳುತ್ತಾರೆ; ಹಿಡಿದವರಿಬ್ಬರಿಗಲ್ಲದೆ ಮೂರನೆಯವನಿಗೆ ತಿಳಿಯುವುದಿಲ್ಲ. ನಿಯಮ ಏಳನ್ನು ಇಷ್ಟು ಚೆನ್ನಾಗಿ ಪಾಲಿಸುವ ವ್ಯವಸ್ಥೆ ಸರಕಾರದ ಹತ್ತಿರವೂ ಇರಲಿಲ್ಲ. ಸದಸ್ಯರು ಒಬ್ಬೊಬ್ಬರಾಗಿ ಟವಲ್ಲಿನೊಳಗೆ ಕೈ ಹಾಕಿ ಗಂಗಪ್ಪನಿಗೆ ಅಂಕ ಹೇಳುವುದು, ಗಂಗಪ್ಪ ತನ್ನದನ್ನೂ ಕೂಡಿಸಿ ಮೂರರ ನಡುವಿನ ದರ ತೆಗೆದು ಚೀಟಿಯ ಮೇಲೆ ಅಷ್ಟು ಗೆರೆ ಎಳೆದು ಅಂಟು ಹಚ್ಚುವುದು ಎಂದು ಠರಾವಾಯಿತು.

ಇಮಾಮಹುಸೇನನ ಸರದಿ ಬಂತು. ಮಡಿವಾಳೆಪ್ಪ ಟವಲ್ಲಿನ ಕೆಳಗೆ ಗಂಗಪ್ಪನ ಐದೂ ಬೆರಳು ಹಿಡಿದ, ಬಿಟ್ಟ, ಮತ್ತೆ ನಾಲ್ಕು ಹಿಡಿದ. ಹತ್ತಕ್ಕೆ ಒಂಬತ್ತು. ಗಂಗಪ್ಪನ ಮುಖ ಸಪ್ಪಗಾಯಿತು. ಅವನು ಮಾಸ್ತರನ ಕಿವಿಯ ಹತ್ತಿರ ಬಾಗಿದ.

“ಮೊದಲನೇ ಕೈಗೆ ಇಷ್ಟು ಹಿಡೀಬಾರದ್ರಿ ಮಾಸ್ತರ. ಮುಂದ ಏರಾಕ ಜಾಗಾ ಇಡಬೇಕು.”

“ಹುಡುಗ ಒಂಬತ್ತರಾಂವ ಅದಾನ ಗಂಗಪ್ಪಣ್ಣ. ಇದ್ದದ್ದು ಇದ್ದಂಗ ಹೇಳೂದು ಧರ್ಮ.”

ಧರ್ಮದ ಮಾತು ಬಂದ ಮೇಲೆ ಗಂಗಪ್ಪ ಒಂಬತ್ತನ್ನೇ ಲೆಕ್ಕಕ್ಕೆ ಹಿಡಿದ. ಮಡಿವಾಳೆಪ್ಪನ ಎದೆ ಉಬ್ಬಿತು. ಹೊಳೆಪ್ಪನ ಸರದಿಯಲ್ಲಿ ಟವಲ್ಲಿನೊಳಗಿನಿಂದ ಕೈ ತೆಗೆದ ಕುಬೇರಪ್ಪನವರು, ನಾನು ರಕ್ತಸಂಬಂಧ ನೋಡುವುದಿಲ್ಲ, ಒಂದೇ ಬೆರಳು ಹಿಡಿದದ್ದು, ಗುಪ್ತ ವಿಷಯವಾದರೂ ಹೇಳುತ್ತೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಸ್ವಂತ ಮನೆಯ ಹುಡುಗನಿಗೆ ಒಂದು ಅಂಕ ಕೊಡುವ ಇಂಥ ನಿಷ್ಪಕ್ಷಪಾತಿಯನ್ನು ತಾನು ಕಂಡಿಲ್ಲವೆಂದು ಮಡಿವಾಳೆಪ್ಪ ಅಂದು ರಾತ್ರಿ ರೇವವ್ವನಿಗೆ ಹೇಳಿದ. ಚೇರಮನ್ನರು ಹತ್ತಿ ಕೊಳ್ಳುವಾಗಲೂ ಮೊದಲು ಹೀಗೇ ಕಡಿಮೆ ಹೇಳುತ್ತಾರೆ ಎಂದು ರೇವವ್ವ ಅಂದಳು. ಹೆಂಗಸರಿಗೆ ಆಡಳಿತ ತಿಳಿಯುವುದಿಲ್ಲವೆಂದು ಅವನು ಮಗ್ಗುಲು ತಿರುಗಿ ಮಲಗಿದ.

ಜನೇವರಿಯಲ್ಲಿ ಎರಡನೇ ಮೌಲ್ಯಮಾಪನ ಆಯಿತು. ಇಮಾಮಹುಸೇನ ಮತ್ತೆ ಐದಕ್ಕೆ ಐದು ಹೊಡೆದು ಒಂಬತ್ತು ಪಡೆದ. ಹೊಳೆಪ್ಪ ಎರಡು ಚೆಂಡು ತಾಗಿಸಿ ನಾಲ್ಕು ಪಡೆದ. ಚೀಟಿಗಳು ನವಲಗುಂದಕ್ಕೆ ಹೋದವು. ಹದಿನೈದು ದಿನಕ್ಕೆ ಆದೇಶ ಬಂತು: ‘ಹೊಳೆಪ್ಪ, ಪ್ರಗತಿ ಶೇಕಡಾ ಮುನ್ನೂರು, ಆಯ್ಕೆಯಾಗಿದೆ. ಇಮಾಮಹುಸೇನ, ಪ್ರಗತಿ ಶೂನ್ಯ. ಈ ಅಭ್ಯರ್ಥಿಯು ಆರು ತಿಂಗಳಲ್ಲಿ ಏನನ್ನೂ ಕಲಿತಿಲ್ಲವಾದ್ದರಿಂದ ಸಂಬಂಧಪಟ್ಟ ಶಿಕ್ಷಕರು ಕಾರಣ ತಿಳಿಸತಕ್ಕದ್ದು.’

ಮಡಿವಾಳೆಪ್ಪ ಕಾರಣ ತಿಳಿಸಲು ಖುದ್ದಾಗಿ ನವಲಗುಂದಕ್ಕೆ ಹೋದ. ಅಲ್ಲಿನ ಸಂವರ್ಧನಾಧಿಕಾರಿ ಬಹಳ ಸೌಜನ್ಯದ ಮನುಷ್ಯ. ಕೂಡಿಸಿ ಚಹಾ ತರಿಸಿದರು. ಹುಡುಗ ಜೂನ್‌ನಲ್ಲೇ ಚೆನ್ನಾಗಿ ಆಡುತ್ತಿದ್ದ, ಅದರಲ್ಲಿ ಅವನ ತಪ್ಪಿಲ್ಲ ಎಂದು ಮಡಿವಾಳೆಪ್ಪ ವಿನಂತಿಸಿದ.

“ಅದ ಅವನ ತಪ್ಪು ಮಾಸ್ತರ,” ಎಂದರು ಸಾಹೇಬರು. “ನಮ್ಮದು ಆಟದ ಇಲಾಖೆ ಅಲ್ಲ, ಬೆಳವಣಿಗಿ ಇಲಾಖೆ. ತುಂಬಿದ ಕೊಡಾ ತಂದು ನಳದ ಕೆಳಗ ಇಟ್ರ ನಾವೇನು ತುಂಬೂಣು?”

ಮಡಿವಾಳೆಪ್ಪ ಚಹಾದ ಬಟ್ಟಲು ಕೆಳಗಿಟ್ಟು ಕೈ ಮುಗಿದ. ಸಾಹೇಬರಿಗೆ ಕನಿಕರ ಬಂತು. ನಿಯಮ ಹದಿನಾಲ್ಕರ ಪ್ರಕಾರ ಅಭ್ಯರ್ಥಿಯು ಹಿಂದಿನ ವರ್ಷದ ಜ್ಞಾನವನ್ನು ಲಿಖಿತವಾಗಿ ಬಿಟ್ಟುಕೊಟ್ಟರೆ, ಮರುವರ್ಷ ಹೊಸಬನೆಂದು ಬರಬಹುದು ಎಂದು ತೋರಿಸಿಕೊಟ್ಟರು. ಅದರ ಅರ್ಜಿ ನಮೂನೆ ಕಚೇರಿಯಲ್ಲೇ ಸಿಕ್ಕಿತು. ‘ನನಗೆ ಹಾಕಿ ಆಟ ಬರುತ್ತದೆ ಎಂಬುದನ್ನು ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ ಹಿಂಪಡೆಯುತ್ತೇನೆ’ ಎಂಬ ಒಕ್ಕಣೆಯ ಕೆಳಗೆ ಇಮಾಮಹುಸೇನ ಸಹಿ ಹಾಕಿದ, ಹಸನಬಿ ಹೆಬ್ಬೆಟ್ಟು ಒತ್ತಿದಳು, ಮಡಿವಾಳೆಪ್ಪ ಸಾಕ್ಷಿ ಹಾಕಿದ.

ಹುಡುಗನಿಗೆ ವಯಸ್ಸಿನ ಲೆಕ್ಕದಲ್ಲಿ ಇದೊಂದೇ ವರ್ಷ ಉಳಿದಿತ್ತು. ಕಾಗದದ ಮೇಲೆ ಬಿಟ್ಟುಕೊಟ್ಟ ಜ್ಞಾನವನ್ನು ಕೈಯಿಂದಲೂ ಬಿಡಿಸಬೇಕಾಗಿತ್ತು. ಮಡಿವಾಳೆಪ್ಪ ಫೆಬ್ರುವರಿಯಿಂದಲೇ ದಿನಾ ಸಂಜೆ ಶಾಲೆಯ ಹಿಂದೆ ತರಬೇತಿ ಶುರುಮಾಡಿದ. ಹನ್ನೊಂದು ವರ್ಷದಲ್ಲಿ ಅವನು ಮನಸ್ಸಿಟ್ಟು ಕೊಟ್ಟ ಮೊದಲ ತರಬೇತಿ ಇದು, ಮತ್ತು ವಿಷಯವೂ ಅವನಿಗೆ ಚೆನ್ನಾಗಿ ಬರುವಂಥದು. ಕೋಲು ಹೇಗೆ ಹಿಡಿದರೆ ಚೆಂಡು ತಪ್ಪುತ್ತದೆ, ಎಲ್ಲಿ ನೋಡಿದರೆ ಕಾಲು ತೊಡರುತ್ತದೆ ಎಂದು ಸ್ವಂತ ಅನುಭವದಿಂದ ಮಾಡಿ ತೋರಿಸಿದ. ಹುಡುಗ ಪ್ರಾಮಾಣಿಕವಾಗಿ ಪ್ರಯತ್ನಿಸಿದ. ಆದರೆ ಚೆಂಡು ಬಂದ ಕೂಡಲೇ ಕೋಲು ತಾನಾಗಿ ಹೋಗಿ ಅದಕ್ಕೆ ಮುಟ್ಟುತ್ತಿತ್ತು. ತಾನು ಬೇಡ ಅಂದರೂ ಕೈ ಕೇಳುತ್ತಿಲ್ಲವೆಂದು ಅವನು ಅಳುವ ಮುಖ ಮಾಡಿದ.

ಹಸನಬಿಯ ಹತ್ತಿರ ಮಡಿವಾಳೆಪ್ಪ ತನ್ನ ಸಂಕಟ ಹೇಳಿಕೊಂಡ. ಅವಳು ಮಗ್ಗದಿಂದ ಕೈ ತೆಗೆಯದೆ ಕೇಳಿದಳು.

“ಗಡಿಬಿಡಿ ಮಾಡಬ್ಯಾಡ್ರಿ ಮಾಸ್ತರ,” ಎಂದಳು. “ಬೇಕಂತ ಒಂದು ಎಳಿ ತಪ್ಪು ಹಾಕು ಅಂದ್ರ ನನಗೂ ಆಗೂದಿಲ್ಲ. ಕೈಗೆ ಕಲಿಸಾಕ ಎಷ್ಟು ದಿನಾ ಬೇಕೋ ಮರೆಸಾಕೂ ಅಷ್ಟ ದಿನಾ ಬೇಕು.”

ಮೇ ಕೊನೆಯ ಹೊತ್ತಿಗೆ ಹುಡುಗ ಐದರಲ್ಲಿ ನಾಲ್ಕು ತಪ್ಪಿಸತೊಡಗಿದ. ಅಂದು ಮಡಿವಾಳೆಪ್ಪ ಅವನಿಗೆ ಪೇಟೆಯಲ್ಲಿ ಮಿರ್ಚಿ ಭಜಿ ಕೊಡಿಸಿದ.

೧೯೮೬ರ ಜೂನ್‌ನ ಮೌಲ್ಯಮಾಪನದ ದಿನ ಒಂದು ಅನಿರೀಕ್ಷಿತ ತೊಂದರೆ ಎದುರಾಯಿತು. ಹೊಳೆಪ್ಪನ ಆಯ್ಕೆಯ ರಹಸ್ಯ ಊರಿಗೆಲ್ಲ ತಿಳಿದಿತ್ತು. ಉಳಿದ ಹತ್ತೂ ಮನೆಯ ತಂದೆಗಳು ತಮ್ಮ ಮಕ್ಕಳನ್ನು ಸಾಕಷ್ಟು ತಯಾರಿ ಮಾಡಿಸಿಯೇ ಕರೆತಂದಿದ್ದರು. ಒಬ್ಬ ಕೋಲನ್ನು ತಲೆಕೆಳಗು ಹಿಡಿದ. ಇನ್ನೊಬ್ಬ ಚೆಂಡನ್ನು ತೋರಿಸಿ ಇದೇನು ಎಂದು ಕೇಳಿದ. ಕಿರಾಣಿ ಅಂಗಡಿಯ ಅಬ್ದುಲಮಜೀದ ತನ್ನ ಮಗನ ಕಣ್ಣಿಗೆ ಕೋಲು ಬೀಳಬಾರದೆಂದು ಎರಡು ತಿಂಗಳು ಅವನನ್ನು ಯಮನೂರಿನ ಸೋದರತ್ತೆಯ ಮನೆಯಲ್ಲಿಟ್ಟಿದ್ದ. ಆ ಹುಡುಗ ಮೈದಾನಕ್ಕೆ ಇಳಿಯದೆ ಸಮಿತಿಗೆ ಚಹಾ ಕಾಸುತ್ತಿದ್ದ ಒಲೆಯ ಕಡೆ ಹೋಗಿ ಮೆಚ್ಚುಗೆ ಗಳಿಸಿದ. ಇಷ್ಟು ಅಜ್ಞಾನ ಒಂದೇ ಊರಲ್ಲಿ ಇರುವುದು ಹೆಮ್ಮೆಯ ವಿಷಯವೆಂದು ಕುಬೇರಪ್ಪನವರು ಭಾಷಣದಲ್ಲಿ ಹೇಳಿದರು.

ಇಮಾಮಹುಸೇನ ನಾಲ್ಕು ಚೆಂಡು ನಾಜೂಕಾಗಿ ತಪ್ಪಿಸಿದ. ಐದನೆಯದಕ್ಕೆ ಕಲಿಸಿದಂತೆ ಆಕಾಶ ನೋಡುತ್ತ ಕೋಲು ಬೀಸಿದ, ಅದು ನೆಟ್ಟಗೆ ಹೋಗಿ ಗೋಲಾಯಿತು. ಅದು ಹುಡುಗನ ದೋಷವಲ್ಲ, ಗಾಳಿಯದು ಎಂದು ಮಡಿವಾಳೆಪ್ಪ ಸಮಿತಿಗೆ ವಿವರಿಸಿದ. ಸಮಿತಿ ಗಾಳಿಯ ವಿಷಯ ನಮೂದಿಸಿಕೊಂಡು ಮುಂದುವರಿಯಿತು. ಟವಲ್ಲಿನ ಕೆಳಗೆ ಮಡಿವಾಳೆಪ್ಪ ಈ ಸಲ ಯಾವ ಬೆರಳೂ ಹಿಡಿಯದೆ ಮುಷ್ಟಿ ಮುಟ್ಟಿಸಿದ. ನಲವತ್ತು ವರ್ಷದಲ್ಲಿ ಹಾಗೆ ಕೈ ಕೊಟ್ಟವರಿಲ್ಲವೆಂದು ಗಂಗಪ್ಪ ಬೆಚ್ಚಿದ. ಸೊನ್ನೆ ಇದ್ದರೆ ಅದಕ್ಕೆ ಶೇಕಡಾ ತೆಗೆಯಲು ಬರುವುದಿಲ್ಲ ಎಂದು ಕಚೇರಿಯಿಂದ ಮೊದಲೇ ಸೂಚನೆ ಬಂದಿತ್ತು. ಆದ್ದರಿಂದ ಒಂದಕ್ಕೆ ವ್ಯವಹಾರ ಮುಗಿಯಿತು. ಹೊಳೆಪ್ಪನ ಜಾಗಕ್ಕೆ ಬಂದ ಹೊಸಬನೂ ಸೇರಿ ಉಳಿದ ಹತ್ತು ಮಂದಿಗೂ ಒಂದೇ ಒಂದು.

ಆ ವರ್ಷ ನಿಯಮಕ್ಕೆ ತಿದ್ದುಪಡಿಯೂ ಬಂದಿತ್ತು. ಪ್ರಗತಿ ಏಕಾಏಕಿ ಆಗಕೂಡದು, ಮಾಸಿಕವಾಗಿ ಆಗತಕ್ಕದ್ದು, ಯಾವಾಗ ಬೇಕಾದರೂ ತನಿಖೆ ನಡೆಯಬಹುದು. ಮಡಿವಾಳೆಪ್ಪ ದೊಡ್ಡ ಹಾಳೆಯ ಮೇಲೆ ಪಟ್ಟಿ ಬರೆದ. ಸೆಪ್ಟೆಂಬರ್ ಮುಗಿಯುವವರೆಗೆ ಪಂದ್ಯವೊಂದಕ್ಕೆ ಎರಡೇ ಒಳ್ಳೆಯ ಹೊಡೆತ. ಅಕ್ಟೋಬರಿನಿಂದ ಮೂರು. ಜನೇವರಿಯಲ್ಲಿ ಮಾತ್ರ ಪೂರ್ತಿ.

ಸೆಪ್ಟೆಂಬರಿನಲ್ಲಿ ಕಲಘಟಗಿ ಕಡೆಯ ಮಿಶ್ರಿಕೋಟಿಯ ತಂಡ ಪಂದ್ಯಕ್ಕೆ ಬಂತು. ತನಿಖೆಯ ಸಾಹೇಬರೂ ಜೀಪಿನಲ್ಲಿ ಬಂದು ಕುರ್ಚಿ ಹಾಕಿಸಿಕೊಂಡರು. ಒಂದು ಗೋಲಿನಿಂದ ಎರಿಗೊಪ್ಪ ಹಿಂದಿತ್ತು. ಇಮಾಮಹುಸೇನ ತನ್ನ ಎರಡು ಹೊಡೆತ ಆಗಲೇ ಮುಗಿಸಿದ್ದ. ಆಟ ಮುಗಿಯಲು ಒಂದು ನಿಮಿಷವಿದ್ದಾಗ ಚೆಂಡು ಅವನ ಕೋಲಿಗೆ ಬಂತು. ಎದುರಿನ ಗೋಲ್‌ಕೀಪರ ಜಾರಿ ಬಿದ್ದಿದ್ದ, ಗೋಲು ಬಾಯಿ ತೆರೆದು ನಿಂತಿತ್ತು, ನಡುವೆ ಯಾರೂ ಇರಲಿಲ್ಲ. ಹುಡುಗ ಚೆಂಡನ್ನು ಕೋಲಿನ ಹತ್ತಿರ ಇಟ್ಟುಕೊಂಡು ಗೆರೆಯ ಹೊರಗೆ ನಿಂತ ಮಾಸ್ತರನ ಮುಖ ನೋಡಿದ. ಮಡಿವಾಳೆಪ್ಪ ಕೈಯಲ್ಲಿದ್ದ ಪಟ್ಟಿ ನೋಡಿದ. ಆಮೇಲೆ ಅಡ್ಡಡ್ಡ ತಲೆಯಾಡಿಸಿದ. ಹುಡುಗ ಚೆಂಡನ್ನು ಮೆಲ್ಲಗೆ ಕಂಬದ ಹೊರಗೆ ತಳ್ಳಿ, ಕೋಲು ಎಳೆದುಕೊಂಡು ವಾಪಸು ಬಂದ.

ಪ್ರಗತಿ ಕ್ರಮಬದ್ಧವಾಗಿದೆ ಎಂದು ಸಾಹೇಬರು ಷರಾ ಬರೆದರು. ಕುಬೇರಪ್ಪನವರು ಮಾಸ್ತರನ ಬೆನ್ನು ತಟ್ಟಿದರು. ಮಡಿವಾಳೆಪ್ಪನಿಗೆ ತನ್ನ ಮೇಲೇ ಅಸಹ್ಯವಾಯಿತು. ಮನೆಗೆ ಹೋಗಿ ರೊಟ್ಟಿ ಬೇಡವೆಂದ. ರೇವವ್ವ ಯಾಕೆಂದು ಕೇಳಿದಾಗ, ಇವತ್ತು ಅಗದಿ ಚೊಲೊ ಕಲಿಸಿದೆ ಎಂದಷ್ಟೇ ಹೇಳಿದ.

ಜನೇವರಿ ಬಂತು. ಹತ್ತು ಹುಡುಗರು ಜೂನ್‌ನಲ್ಲಿ ಬಹಳ ಸುಲಭವಾಗಿ ಕೆಳಗಿಳಿದಿದ್ದರು, ಮೇಲೆ ಬರಲು ಮಾತ್ರ ಅವರಿಗೆ ಆಗಲಿಲ್ಲ. ಕೋಲು ತಲೆಕೆಳಗು ಹಿಡಿದವನಿಗೆ ಈಗ ಹಾಗೆ ಹಿಡಿಯುವುದೇ ರೂಢಿಯಾಗಿತ್ತು. ಅಬ್ದುಲಮಜೀದನ ಮಗ ಮತ್ತೆ ಸೋದರತ್ತೆಯ ಮನೆ ಸೇರಿದ್ದ, ಅದನ್ನು ಬಿಟ್ಟು ಬರಲು ಒಪ್ಪಲಿಲ್ಲ. ಇಮಾಮಹುಸೇನ ಕೋಲು ಹಿಡಿದು ನಿಂತ, ಮಾಸ್ತರನ ಕಡೆ ನೋಡಿದ. ಮಡಿವಾಳೆಪ್ಪ ಈ ಸಲ ಪಟ್ಟಿ ನೋಡದೆ, “ಹೊಡಿಲೇ,” ಎಂದ. ಐದಕ್ಕೆ ಐದೂ ಹೋದವು. ಐದನೆಯದು ಬಲೆ ಇಲ್ಲದ ಗೋಲು ದಾಟಿ, ಹೊಲ ದಾಟಿ, ಜೋಳ ತುಂಬಿಡುವ ಹಗೇವಿನ ಹತ್ತಿರ ಹೋಗಿ ನಿಂತಿತು. ಟವಲ್ಲಿನೊಳಗೆ ಮಡಿವಾಳೆಪ್ಪ ಮತ್ತೆ ಐದು ಬೆರಳು, ಆಮೇಲೆ ನಾಲ್ಕು ಹಿಡಿದ.

ಒಂದರಿಂದ ಒಂಬತ್ತು, ಪ್ರಗತಿ ಶೇಕಡಾ ಎಂಟುನೂರು. ಇಷ್ಟು ಬೆಳವಣಿಗೆ ಬೇರೆ ಯಾವ ಊರಲ್ಲೂ ಆಗಿರಲಿಲ್ಲ. ಏನೂ ಬಾರದ ಹುಡುಗನನ್ನು ಆರು ತಿಂಗಳಲ್ಲಿ ಆಟಗಾರನನ್ನಾಗಿ ಮಾಡಿದ್ದಕ್ಕೆ ಮಡಿವಾಳೆಪ್ಪನಿಗೆ ಶಾಲು ಹೊದಿಸಿದರು. ಅವನು ಉತ್ತರವಾಗಿ ಮಾತಾಡುತ್ತ, ಇದರಲ್ಲಿ ತನ್ನದೇನೂ ಇಲ್ಲ ಎಂದ. ಸಭೆ ಅದನ್ನು ವಿನಯವೆಂದು ತಿಳಿದು ಚಪ್ಪಾಳೆ ತಟ್ಟಿತು. ನಿಜ ಹೇಳಿದ್ದಕ್ಕೆ ತನಗೆ ಚಪ್ಪಾಳೆ ಬಿದ್ದದ್ದು ಅದೇ ಮೊದಲು ಎಂದು ಅವನಿಗೆ ನಗು ಬಂತು.

ಜೂನ್‌ನಲ್ಲಿ ಇಮಾಮಹುಸೇನ ಟ್ರಂಕು ಹಿಡಿದು ವಸತಿ ಶಾಲೆಗೆ ಹೋದ. ಮೂರು ವಾರಕ್ಕೆ ಅವ್ವನ ಹೆಸರಿಗೆ ಕಾಗದ ಬಂತು. ಹಸನಬಿಗೆ ಓದು ಬಾರದ್ದರಿಂದ ಮಡಿವಾಳೆಪ್ಪನೇ ಅವಳ ಮನೆಯ ಕಟ್ಟೆಯ ಮೇಲೆ ಕೂತು ಓದಿ ಹೇಳಿದ. ದಿನಾ ಎರಡು ಹೊತ್ತು ಚಪಾತಿ, ಅನ್ನ, ಬುಧವಾರ ತತ್ತಿ. ಅಲ್ಲಿನ ಮೈದಾನದಲ್ಲಿ ಹಸಿರು ಹುಲ್ಲು ಇದೆ, ಚೆಂಡು ಎಲ್ಲಿಯೂ ಅಂಟುವುದಿಲ್ಲ, ಬಿರುಕಿಗೆ ಬೀಳುವುದಿಲ್ಲ. ಒಳ್ಳೊಳ್ಳೆಯ ಆಟಗಾರರು ಮೂವತ್ತು ಮಂದಿ ಬೇರೆ ಬೇರೆ ಊರಿಂದ ಬಂದಿದ್ದಾರೆ. ಮಡಿವಾಳೆಪ್ಪನ ದನಿ ಏರುತ್ತ ಹೋಯಿತು. ಆಮೇಲಿನ ಸಾಲುಗಳನ್ನು ಅವನು ಒಮ್ಮೆ ಮನಸ್ಸಿನಲ್ಲೇ ಓದಿಕೊಂಡು, ಮತ್ತೆ ಗಟ್ಟಿಯಾಗಿ ಓದಿದ.

‘ಇಲ್ಲೂ ಜೂನ್‌ದಾಗ ಒಂದು ಮೌಲ್ಯಮಾಪನ ಐತಿ. ನಮ್ಮನ್ನ ಮೈದಾನಕ್ಕ ಇಳಿಸಿ, ಚೆಂಡು ನಡುವ ಇಟ್ಟು ಸೀಟಿ ಊದಿದರು. ಯಾರೂ ಮುಟ್ಟಲಿಲ್ಲ. ಎಲ್ಲಾರೂ ಅದರ ಸುತ್ತ ಓಡ್ಯಾಡಿದಿವಿ. ಅರ್ಧಾ ತಾಸು ಚೆಂಡು ಇಟ್ಟಲ್ಲೇ ಇತ್ತು. ಸೀಟಿ ಊದಿದ ಸಾಹೇಬರು ಭಾಳ ಖುಷಿಯಾದರು. ಇಷ್ಟು ಚೊಲೊ ಹುಡುಗರು ಹಿಂದ ಯಾವ ವರ್ಷಾನೂ ಬಂದಿದ್ದಿಲ್ಲ ಅಂದರು.’

ಬುಧವಾರ ಕೊಡುವ ತತ್ತಿ ಒಂದೋ ಎರಡೋ ಎಂದು ಹಸನಬಿ ಕೇಳಿದಳು. ಒಂದು ಎಂದು ಬರೆದಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

“ಮತ್ತ ಆಡೂದು ಯಾವಾಗಂತ ಬರದಾನ್ರಿ ಮಾಸ್ತರ?”

ಮಡಿವಾಳೆಪ್ಪ ಕಾಗದವನ್ನು ಹಿಂದೆ ಮುಂದೆ ತಿರುವಿ ನೋಡಿದ. ಅದು ಎಲ್ಲಿಯೂ ಬರೆದಿರಲಿಲ್ಲ.

“ಜನೇವರಿಗೆ ಆಡತಾರ ತಂಗೀ,” ಎಂದ.

ಹಂಗಾದರೆ ಚೊಲೊ ಆಯಿತು ಎಂದು ಅವಳು ಎದ್ದು ಮಗ್ಗದ ಕಡೆ ಹೋದಳು.